‘ಫಾರ್ಮ್ಯಾಟ್ ಹೊಡ್ಸಿಬಿಡಿ’ ಅನ್ನೋ ಜಾಣರಿಗೆ (ನನ್ನನ್ನೂ ಸೇರಿಸಿ)

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದ್ರೆ ಇದನ್ನ ಬರೆಯದೇ ಇದ್ರೆ ನಿದ್ದೆ ಬರಲ್ಲ ಅನ್ನೋ ಸ್ಥಿತಿಗೆ ಬಂದಿದೀನಿ. ಸ್ವಲ್ಪ ಕೋಪದಲ್ಲೇ ಬರೀತಿದೀನಿ, ಸಹಿಸಿಕೊಳ್ಳಿ. ಕೋಪ ಅರ್ಧ ನಿಮ್ಮ ಮೇಲೆ, ಅರ್ಧ ನನ್ನ ಮೇಲೆ.

ಮೊದಲು ಕತೆ ಹೇಳಿಬಿಡ್ತೀನಿ, ಜಗಳ ಆಮೇಲೆ.

ತೀರ್ಥಹಳ್ಳಿ ಹತ್ತಿರ ನಮ್ಮ ಮಾವನ ಮನೆ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸ್ವಲ್ಪ ಅಡಿಕೆ ತೋಟ ಇದೆ. ಅವರಿಗೊಂದು ಹುಚ್ಚು. ಅಂಗಳದಲ್ಲಿ ಮಳೆ ಮಾಪಕ ಇಟ್ಟುಕೊಂಡು, ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಎಷ್ಟು ಮಿಲಿಮೀಟರ್ ಬಂತು ಅಂತ ನೋಡಿ ಬರೆದಿಡೋದು. ಎಂಟೂವರೆಗೇ ಯಾಕೆ ಅಂದ್ರೆ ಹವಾಮಾನ ಇಲಾಖೆಯವರು ಅಳೆಯೋದೂ ಆಗಲೇ. ಮೊದಲೆಲ್ಲಾ ನೋಟ್‌ಬುಕ್ಕಿನಲ್ಲಿ ಬರೀತಿದ್ರು. 2017ರಿಂದ ಲ್ಯಾಪ್‌ಟಾಪಿನಲ್ಲಿ ಸ್ಪ್ರೆಡ್‌ಶೀಟ್. ‘ನೋಡೋ, ಸೊನ್ನೆ ಮಳೆ ಬಂದ ದಿನವನ್ನೂ ಬರೀಬೇಕು. ಖಾಲಿ ಬಿಡೋದು ಬೇರೆ, ಸೊನ್ನೆ ಬೇರೆ’ ಅಂತ ನನಗೆ ಪಾಠ ಹೇಳಿದ್ರು ಒಮ್ಮೆ. ಡೇಟಾಬೇಸ್ ಕ್ಲಾಸಿನಲ್ಲಿ ನಲ್ (ಖಾಲಿ) ಅಂದ್ರೇನು ಅಂತ ಇಷ್ಟು ಸರಿಯಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ :)

ಅವರ ಲ್ಯಾಪ್‌ಟಾಪ್ ಹಳೇದು, ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತಲ್ಲ, ಪರದೆ ಮೇಲೆ ಎಚ್ಚರಿಕೆ ಬರೋಕೆ ಶುರುವಾಯ್ತು. ವಿಂಡೋಸ್ 11 ಹಾಕೋಣ ಅಂದ್ರೆ ಆ ಪ್ರೊಸೆಸರ್ ಅದರ ಪಟ್ಟಿಯಲ್ಲೇ ಇಲ್ಲ. ಆ ವರ್ಷದ ದೀಪಾವಳಿಗೆ ಹೋದಾಗ ನಾನು ದೊಡ್ಡ ಮನುಷ್ಯನ ಥರ ‘ಮಾವ, ಲಿನಕ್ಸ್ ಹಾಕಿಕೊಡ್ತೀನಿ, ಇನ್ನೂ ಐದು ವರ್ಷ ಓಡತ್ತೆ’ ಅಂದೆ. ವಿಂಡೋಸ್ ಪಕ್ಕದಲ್ಲೇ ಹಾಕಿದೆ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಟ್ಟು, ದಿನಾ ತಾನಾಗೇ ಬ್ಯಾಕಪ್ ಆಗೋ ಹಾಗೆ ಮಾಡಿದೆ. ಅದಕ್ಕೆ ಎಫ್‌ಎಸ್‌ಟ್ಯಾಬ್ ಅನ್ನೋ ಕಡತದಲ್ಲಿ ಒಂದು ಸಾಲು ಬರೆದೆ. ಬರೆದು, ಹೋಳಿಗೆ ತಿಂದು, ಬೆಂಗಳೂರಿಗೆ ಬಂದೆ.

ಎರಡು ವಾರ ಎಲ್ಲಾ ಚೆನ್ನಾಗಿತ್ತು. ಒಂದು ಸಂಜೆ ಜೋರು ಗುಡುಗು ಸಿಡಿಲು. ಮಲೆನಾಡಿನವರಿಗೆ ಗೊತ್ತಿರೋದೇ: ಗುಡುಗು ಶುರುವಾದ್ರೆ ಟೀವಿ, ಫ್ರಿಜ್, ಮೋಡೆಮ್ಮು, ಎಲ್ಲದರ ಪ್ಲಗ್ ಕೀಳೋದು. ಮಾವ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಜೊತೆಗೆ ಆ ಹಾರ್ಡ್ ಡಿಸ್ಕನ್ನೂ ಕಿತ್ತು ಬೀರುವಿನಲ್ಲಿಟ್ರು. ಬೆಳಿಗ್ಗೆ ಆನ್ ಮಾಡಿದ್ರೆ ಒಂದೂವರೆ ನಿಮಿಷ ಸುಮ್ಮನಿದ್ದು, ಆಮೇಲೆ ಕಪ್ಪು ಪರದೆ. ‘ಯು ಆರ್ ಇನ್ ಎಮರ್ಜೆನ್ಸಿ ಮೋಡ್.’ ಅದರ ಕೆಳಗೆ ‘ರೂಟ್ ಅಕೌಂಟ್ ಈಸ್ ಲಾಕ್ಡ್.’ ಎಂಟರ್ ಒತ್ತಿದ್ರೆ ಮತ್ತೆ ಅದೇ.

ನನಗೆ ಫೋನ್ ಮಾಡಿದ್ರು. ನಾನು ಆಫೀಸಿನಲ್ಲಿ ಯಾವುದೋ ರಿಲೀಸ್ ಕಾಲ್‌ನಲ್ಲಿದ್ದೆ. ‘ಎಮರ್ಜೆನ್ಸಿ ಅಂತಿದೆ ಕಣೋ’ ಅಂದ್ರು. ನಾನು, ಬಿ.ಇ. ಓದಿದ, ದಿನವಿಡೀ ಲಿನಕ್ಸ್ ಸರ್ವರ್ ಜೊತೆಗೇ ಕೆಲಸ ಮಾಡೋ ಮಹಾನುಭಾವ, ಏನಂದೆ ಗೊತ್ತಾ? ‘ಏನೋ ಕರಪ್ಟ್ ಆಗಿರತ್ತೆ ಮಾವ. ಪೇಟೇಲಿ ಯಾರಿಗಾದ್ರೂ ಕೊಟ್ಟು ಫಾರ್ಮ್ಯಾಟ್ ಹೊಡ್ಸಿಬಿಡಿ, ಮುಂದಿನ ಸಲ ಬಂದಾಗ ನೋಡ್ತೀನಿ.’

ಹೊಡೆಸಿದ್ರು. ಎಂಟುನೂರು ರೂಪಾಯಿ. ಅಂಗಡಿಯವನು ಇಡೀ ಡಿಸ್ಕ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟ. ಅವನದೇನೂ ತಪ್ಪಿಲ್ಲ, ಹೇಳಿದ್ದನ್ನ ಮಾಡಿದ. ನನ್ನ ಬ್ಯಾಕಪ್ ಉಳಿಸ್ತಿದ್ದದ್ದು ಲಿನಕ್ಸಿನ ಹೋಮ್ ಫೋಲ್ಡರ್ ಮಾತ್ರ. ಮಾವ ಮಳೆ ಲೆಕ್ಕ ಇಟ್ಟಿದ್ದು ಹಳೇ ಅಭ್ಯಾಸದಂತೆ ‘ಡಿ ಡ್ರೈವ್’ನಲ್ಲಿ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. 2021ರ ಮೇ ತನಕದ ಒಂದು ಪ್ರತಿ ಅವರ ಮಗಳ ಈಮೇಲಿನಲ್ಲಿ ಸಿಕ್ತು. 2024 ಮತ್ತು 2025ರದ್ದನ್ನ ಗೋಡೆ ಕ್ಯಾಲೆಂಡರಿನ ಚೌಕಗಳಲ್ಲೂ ಗೀಚಿಟ್ಟಿದ್ರು, ಅದು ಉಳೀತು. 2021ರ ಜೂನ್‌ನಿಂದ 2023ರ ಡಿಸೆಂಬರ್ ತನಕ, ಮೂರು ಮಳೆಗಾಲ, ಹೋಯ್ತು. ಆ ಕ್ಯಾಲೆಂಡರ್‌ಗಳು ಮೊಮ್ಮಗನ ಪುಸ್ತಕಕ್ಕೆ ಬೈಂಡ್ ಆಗಿ ಎಲ್ಲೋ ರದ್ದಿಗೆ ಹೋಗಿದ್ವು.

ಈಗ ಹೇಳ್ತೀನಿ ಕೇಳಿ, ರಿಪೇರಿ ಏನಿತ್ತು ಅಂತ. ಬೀರುವಿನಿಂದ ಆ ಡಿಸ್ಕ್ ತೆಗೆದು ಮತ್ತೆ ಸಿಕ್ಕಿಸಿ ಆನ್ ಮಾಡಿದ್ರೆ ಸಾಕಿತ್ತು. ಅಷ್ಟೇ!

ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಡಿಸ್ಕಿನ ಹೆಸರು ಬರೆದ್ರೆ, ‘ಇದು ಇಲ್ಲದೇ ಮುಂದಕ್ಕೆ ಹೋಗಬೇಡ’ ಅಂತ ನಾವೇ ಆಣೆ ಹಾಕಿದ ಹಾಗೆ. ಸಿಸ್ಟಮ್‌ಡಿ 90 ಸೆಕೆಂಡ್ ಕಾಯತ್ತೆ, ಬರಲಿಲ್ಲ ಅಂದ್ರೆ ಎಮರ್ಜೆನ್ಸಿ ಮೋಡಿಗೆ ಹೋಗಿ ನಿಲ್ಲತ್ತೆ. ಅದೇ ಸಾಲಿನಲ್ಲಿ ‘ನೋಫೇಲ್’ ಅನ್ನೋ ಒಂದೇ ಪದ ಸೇರಿಸಿದ್ರೆ ಡಿಸ್ಕ್ ಇಲ್ಲದಿದ್ರೂ ಯಂತ್ರ ಏಳತ್ತೆ. ಆ ಪದ ಬರೆಯದೇ ಇದ್ದದ್ದು ನಾನು. ಯಂತ್ರ ಕೆಟ್ಟಿರಲಿಲ್ಲ, ಏನೂ ಕರಪ್ಟ್ ಆಗಿರಲಿಲ್ಲ. ನಾನು ಹೇಳಿದ್ದನ್ನ ಚಾಚೂ ತಪ್ಪದೆ ಪಾಲಿಸಿ, ನಿಂತು, ‘ನಿಂತಿದೀನಿ’ ಅಂತ ಹೇಳ್ತಾನೂ ಇತ್ತು.

ಇಲ್ಲಿಗೆ ಕತೆ ಮುಗೀತು. ಇನ್ನು ಜಗಳ.

ಮೊದಲ ಜಗಳ, ‘ಫಾರ್ಮ್ಯಾಟ್ ಹೊಡ್ಸಿ’ ಅನ್ನೋ ನಮ್ಮ ಜಾತಿಯವರ ಜೊತೆ. ನಾವು ಇಂಜಿನಿಯರ್‌ಗಳು ನೆಂಟರ ಮನೆಗಳಲ್ಲಿ ಅತಿ ಹೆಚ್ಚು ಕೊಟ್ಟಿರೋ ಸಲಹೆ ಬಹುಶಃ ಇದೇ. ಕೇಳೋರಿಗೆ ಇದು ಪರಿಹಾರದ ಹಾಗೆ ಕೇಳಿಸತ್ತೆ. ನಿಜವಾಗಿ ಇದರ ಅರ್ಥ ‘ನನಗೆ ಯೋಚನೆ ಮಾಡೋ ಪುರಸೊತ್ತಿಲ್ಲ’ ಅಂತ. ಹೊಟ್ಟೆನೋವು ಅಂತ ಬಂದವರಿಗೆ ಡಾಕ್ಟರು ‘ಹೋಗಿ ಮತ್ತೆ ಹುಟ್ಟಿ ಬನ್ನಿ’ ಅಂದ ಹಾಗೆ.

ಅದರಲ್ಲೂ ಲಿನಕ್ಸ್ ವಿಷಯದಲ್ಲಿ ಇದು ಶುದ್ಧ ಮೂರ್ಖತನ. ಯಾಕಂದ್ರೆ ಅದು ಏಳೋದು ಹಂತ ಹಂತವಾಗಿ, ಪ್ರತಿ ಹಂತಕ್ಕೂ ಅದರದ್ದೇ ಮುಖ ಇದೆ. ಎಲ್ಲಿ ನಿಂತಿದೆ ಅಂತ ನೋಡಿದ್ರೆ ಸಾಕು, ಕಾಯಿಲೆ ಅರ್ಧ ಗೊತ್ತಾದ ಹಾಗೆ:

- ಲಿನಕ್ಸ್ ಹಾಕಿದ್ರೂ ಆನ್ ಮಾಡಿದ ತಕ್ಷಣ ಸೀದಾ ವಿಂಡೋಸೇ ಬರ್ತಿದೆಯಾ? ಲಿನಕ್ಸ್ ಎಲ್ಲೂ ಹೋಗಿಲ್ಲ. ಸಾಮಾನ್ಯವಾಗಿ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ ಯಾರನ್ನ ಮೊದಲು ಕರೀಬೇಕು ಅನ್ನೋ ಸರದಿ ಬದಲಾಗಿರತ್ತೆ. ಅಲ್ಲಿಗೆ ಹೋಗಿ ಸರದಿ ಬದಲಿಸಿ.

- ‘ಗ್ರಬ್’ ಅಂತ ಬರೆದು ಕರ್ಸರ್ ಮಿಟುಕ್ತಿದೆಯಾ? ಗ್ರಬ್ ಎದ್ದಿದೆ, ಅದಕ್ಕೆ ತನ್ನ ಸಾಮಾನು ಎಲ್ಲಿದೆ ಅಂತ ಸಿಗ್ತಿಲ್ಲ. ಪಾರ್ಟಿಷನ್ ಅಳಿಸಿದ ಅಥವಾ ಸರಿಸಿದ ಮೇಲೆ ಹೀಗಾಗತ್ತೆ. ಲೈವ್ ಪೆನ್‌ಡ್ರೈವಿನಿಂದ ಎದ್ದು ಗ್ರಬ್ ಮಾತ್ರ ಮತ್ತೆ ಕೂರಿಸಬಹುದು.

- ‘ಕರ್ನಲ್ ಪ್ಯಾನಿಕ್, ರೂಟ್ ಮೌಂಟ್ ಮಾಡಕ್ಕಾಗಲಿಲ್ಲ’ ಅಂತಿದೆಯಾ? ಅಪ್‌ಡೇಟ್ ಆದ ಮೇಲೆ ಹೀಗಾದ್ರೆ ಹೊಸ ಕರ್ನಲ್ ಅರೆಬರೆ ಕೂತಿರೋ ಸಾಧ್ಯತೆ ಹೆಚ್ಚು. ಬೂಟ್ ಪಾರ್ಟಿಷನ್ ತುಂಬಿಹೋಗಿದ್ರೆ ಹೀಗೆ ಆಗೋದುಂಟು. ಗ್ರಬ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ಗೆ ಹೋದ್ರೆ ಹಳೇ ಕರ್ನಲ್ ಕಾಯ್ತಾ ಕೂತಿರತ್ತೆ.

- ಎಮರ್ಜೆನ್ಸಿ ಮೋಡ್? ಕರ್ನಲ್ ತನಕ ಎಲ್ಲಾ ಸರಿ. ಬಹುತೇಕ ಸಲ ಎಫ್‌ಎಸ್‌ಟ್ಯಾಬ್‌ನ ಯಾವುದೋ ಒಂದು ಸಾಲಿನ ಡಿಸ್ಕ್ ಸಿಕ್ಕಿಲ್ಲ. ಡಿಸ್ಕ್ ಸಿಕ್ಕಿಸಿ. ಇಲ್ಲಾ ಲೈವ್ ಪೆನ್‌ಡ್ರೈವಿನಿಂದ ಎದ್ದು ಆ ಸಾಲಿನ ಮುಂದೆ ಒಂದು ಹ್ಯಾಷ್ ಚಿಹ್ನೆ ಹಾಕಿ.

- ಎಲ್ಲಾ ಬಂದು ಕೊನೆಗೆ ಖಾಲಿ ಕಪ್ಪು ಪರದೆಯಾ? ಅಥವಾ ಪಾಸ್‌ವರ್ಡ್ ಕೊಟ್ರೂ ಮತ್ತೆ ಅದೇ ಲಾಗಿನ್ ಪರದೆಯಾ? ಗ್ರಾಫಿಕ್ಸ್ ಡ್ರೈವರ್ ತಕರಾರಿರಬಹುದು, ಡಿಸ್ಕ್ ತುಂಬಿರಬಹುದು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಅಕ್ಷರಗಳ ಲಾಗಿನ್ ಬಂದ್ರೆ ಯಂತ್ರ ಬದುಕಿದೆ ಅಂತಲೇ ಲೆಕ್ಕ.

ಈ ಐದರಲ್ಲಿ ಯಾವುದಕ್ಕೂ ಫಾರ್ಮ್ಯಾಟ್ ಬೇಕಿಲ್ಲ. ಇನ್ನೊಂದು ಮಾತು. ಯಂತ್ರ ಏಳಲಿಲ್ಲ ಅನ್ನೋದು ಒಂದು, ಡೇಟಾ ಹೋಯ್ತು ಅನ್ನೋದು ಇನ್ನೊಂದು. ಬಾಗಿಲ ಬೀಗ ಕೆಟ್ಟರೆ ಮನೆ ಸುಡಲ್ಲ ತಾನೇ? ಲೈವ್ ಪೆನ್‌ಡ್ರೈವಿನಿಂದ ಎದ್ದು ಮೊದಲು ಡೇಟಾ ಹೊರಗೆ ತೆಗೆದಿಟ್ಟುಕೊಳ್ಳಿ, ಆಮೇಲೆ ಬೇಕಾದ್ರೆ ಕುಸ್ತಿ ಆಡಿ.

ಎರಡನೇ ಜಗಳ, ‘ಲಿನಕ್ಸ್ ತುಂಬಾ ಸುಲಭ’ ಅಂತ ಪ್ರಚಾರ ಮಾಡೋರ ಜೊತೆ. ವೈರಸ್ ಕಾಟ ಇಲ್ಲ, ದುಡ್ಡು ಕೊಡಬೇಕಿಲ್ಲ, ಸ್ವಾತಂತ್ರ್ಯ, ಸಮುದಾಯ... ನಾನೂ ಹೇಳಿದೀನಿ ಇದನ್ನೆಲ್ಲಾ, ಈಗಲೂ ನಂಬ್ತೀನಿ. ಆದ್ರೆ ಹಾಕೋ ದಿನ ನಾವು ಪೂಜೆಗೆ ಬಂದ ಭಟ್ಟರ ಥರ ಇರ್ತೀವಿ, ಕೆಟ್ಟ ದಿನ ಫೋನಿಗೇ ಸಿಗಲ್ಲ. ಸಿಕ್ಕಿದ್ರೂ ‘ಮ್ಯಾನುಯಲ್ ಓದು’ ಅಂತೀವಿ. ಮದುವೆ ಮಾಡಿಸಿದ ದಲ್ಲಾಳಿಯೂ ನಮಗಿಂತ ವಾಸಿ, ವರ್ಷಕ್ಕೊಮ್ಮೆ ಬಂದು ವಿಚಾರಿಸ್ತಾನೆ.

ಸುಲಭ ಅಲ್ಲ ಕಣ್ರೀ. ಇದನ್ನ ಮೊದಲೇ ಹೇಳೋಣ. ಇವತ್ತಿನ ಲ್ಯಾಪ್‌ಟಾಪಿಗೆ ಹಾಕೋಕೆ ಕೂತ್ರೆ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಿಸದೇ ಇರಬಹುದು. ಫರ್ಮ್‌ವೇರ್‌ನಲ್ಲಿ ಡಿಸ್ಕನ್ನ ಆರ್‌ಎಸ್‌ಟಿ ಅಥವಾ ರೈಡ್ ಅನ್ನೋ ವಿಧಾನದಲ್ಲಿ ಇಟ್ಟಿರ್ತಾರೆ, ಅದನ್ನ ಎಎಚ್‌ಸಿಐಗೆ ಬದಲಿಸಬೇಕು. ಆದ್ರೆ ಸೀದಾ ಬದಲಿಸಿದ್ರೆ ವಿಂಡೋಸ್ ಏಳದೇ ಹೋಗಬಹುದು. ವಿಂಡೋಸನ್ನ ಮೊದಲು ಸೇಫ್ ಮೋಡಿಗೆ ಹೊಂದಿಸಿ ಆಮೇಲೆ ಬದಲಿಸಬೇಕು. ಡಿಸ್ಕಿಗೆ ಬಿಟ್‌ಲಾಕರ್ ಇದ್ರೆ, ಫರ್ಮ್‌ವೇರ್ ಮುಟ್ಟೋ ಮೊದಲು ಆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡಿರಬೇಕು. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿರಬೇಕು. ಇಲ್ಲಾಂದ್ರೆ ವಿಂಡೋಸ್ ಪೂರ್ತಿ ಮಲಗದೆ ಅರೆನಿದ್ದೆಯಲ್ಲಿರತ್ತೆ, ಅದರ ಪಾರ್ಟಿಷನ್‌ಗೆ ಲಿನಕ್ಸಿನಿಂದ ಬರೆಯೋಕಾಗಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದು ಹೊರಗಿನ ಡ್ರೈವರ್ ಹಾಕಿಕೊಂಡ್ರೆ, ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂದು ಪಾಸ್‌ವರ್ಡ್ ಕೇಳತ್ತೆ. ಕೆಲವೇ ಸೆಕೆಂಡಿನೊಳಗೆ ಕೀ ಒತ್ತಲಿಲ್ಲ ಅಂದ್ರೆ ಆ ಡ್ರೈವರ್ ಕೆಲಸ ಮಾಡಲ್ಲ, ಯಾಕೆ ಅಂತ ಎರಡು ದಿನ ತಲೆ ಕೆರ್ಕೊಳ್ತಾ ಕೂರಬೇಕು. ವೈಫೈ ಸಿಗದಿದ್ರೆ ಫೋನನ್ನ ಯುಎಸ್‌ಬಿಯಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡಿಕೊಂಡು ಡ್ರೈವರ್ ಇಳಿಸಬೇಕು.

ಇನ್ನು ಎರಡೂ ಹಾಕಿಕೊಂಡವರ ಗಡಿಯಾರದ ಕತೆ. ಲಿನಕ್ಸಿಗೆ ಹೋಗಿ ಬಂದ್ರೆ ವಿಂಡೋಸ್ ಐದೂವರೆ ಗಂಟೆ ಹಿಂದೆ ತೋರಿಸತ್ತೆ. ಹೊಸಬರು ಬ್ಯಾಟರಿ ಹೋಯ್ತು ಅಂದುಕೊಂಡು ಅಂಗಡಿಗೆ ಹೋಗ್ತಾರೆ. ಯಂತ್ರದೊಳಗಿನ ಗಡಿಯಾರವನ್ನ ವಿಂಡೋಸ್ ಸ್ಥಳೀಯ ಸಮಯ ಅಂತ ಓದತ್ತೆ, ಲಿನಕ್ಸ್ ಯುಟಿಸಿ ಅಂತ ಓದತ್ತೆ. ಇವೆರಡರ ನಡುವೆ ನಮ್ಮ ಭಾರತೀಯ ಕಾಲಮಾನದ 5:30 ಸಿಕ್ಕಿಹಾಕಿಕೊಂಡಿದೆ, ಅಷ್ಟೇ. ಮಾವನ ಮಳೆ ಅಳೆಯೋ ಎಂಟೂವರೆ ಯುಟಿಸಿಯಲ್ಲಿ ಸರಿಯಾಗಿ 3 ಗಂಟೆ ಅಂತ ಹೇಳಿದ್ರೆ ಅವರಿಗೆ ಅರ್ಧ ನಿಮಿಷದಲ್ಲಿ ಅರ್ಥ ಆಗತ್ತೆ. ಹೇಳೋರು ಬೇಕಲ್ಲ?

ಅಲ್ಲಿಗೆ ಬಂದೆ. ಮೂರನೇ ಜಗಳ, ನಿಜವಾದ ಜಗಳ, ಕನ್ನಡದಲ್ಲಿ ಬರೆಯೋ ನಮ್ಮೆಲ್ಲರ ಜೊತೆ.

ಆ ಬೆಳಿಗ್ಗೆ ಮಾವ ನನಗೆ ಫೋನ್ ಮಾಡೋ ಮೊದಲು ಮೊಬೈಲಿನಲ್ಲಿ ಕನ್ನಡದಲ್ಲಿ ಹುಡುಕಿದ್ರಂತೆ, ‘ಲಿನಕ್ಸ್ ಎಮರ್ಜೆನ್ಸಿ’ ಅಂತ. ಏನು ಸಿಕ್ತು ಅಂತ ಕೇಳಿದೆ. ‘ಲಿನಕ್ಸ್ ಅಂದ್ರೆ ಏನು, ಅದನ್ನ ಯಾರು ಕಂಡುಹಿಡಿದ್ರು ಅಂತ ಸಿಕ್ತು’ ಅಂದ್ರು. ಆಮೇಲೆ ನಾನೂ ಒಂದು ರಾತ್ರಿ ಕೂತು ಹುಡುಕಿದೆ. ನನಗೆ ಸಿಕ್ಕಿದ್ದೂ ಬಹುಪಾಲು ಅದೇ. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ, ಪೆಂಗ್ವಿನ್, ಮುಕ್ತ ತಂತ್ರಾಂಶ, ಸ್ವಾತಂತ್ರ್ಯ. ಎಲ್ಲಾ ಸರಿ, ಎಲ್ಲಾ ನಿಜ. ಆದ್ರೆ ‘ಎಂದರೇನು’ ಅಂತ ಎಷ್ಟು ಸಲ ಬರೀತೀರಾ ಸ್ವಾಮಿ? ‘ಕೆಟ್ಟರೇನು’ ಅಂತ ಬರೆಯೋರು ಯಾರು? ಬೈಕ್ ಕೆಟ್ಟು ನಿಂತಾಗ ಬೈಕಿನ ಇತಿಹಾಸ ಯಾರಿಗೆ ಬೇಕು?

ಕನ್ನಡದ ಗಣಕ ಕೆಲಸದಲ್ಲಿ ನಾವು ಕಡಿಮೆ ಮಾಡಿಲ್ಲ. ಗ್ನೋಮ್, ಕೆಡಿಇ ಮೆನುಗಳನ್ನ ಎಷ್ಟೋ ಜನ ಸಂಬಳ ಇಲ್ಲದೇ ಕನ್ನಡಕ್ಕೆ ತಂದ್ರು. ಗುಬ್ಬಿ, ನವಿಲು ಥರದ ಮುಕ್ತ ಅಕ್ಷರಗಳು ಬಂದ್ವು. ಐಬಸ್‌ನಲ್ಲಿ ಎಂ17ಎನ್ ಹಾಕಿಕೊಂಡ್ರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಸಿಗತ್ತೆ, ಇನ್‌ಸ್ಕ್ರಿಪ್ಟೂ ಸಿಗತ್ತೆ. ಈ ಕೆಲಸ ಮಾಡಿದವರಿಗೆ ಕೈ ಮುಗೀತೀನಿ. ಆದ್ರೆ ‘ಹಾಕಿಕೊಂಡ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬನ್ನಿ, ಇಲ್ಲಾಂದ್ರೆ ಪಟ್ಟಿಯಲ್ಲಿ ಕನ್ನಡ ಕಾಣಿಸದೇ ಇರಬಹುದು’ ಅನ್ನೋ ಒಂದು ಸಾಲು ಕನ್ನಡದಲ್ಲಿ ಇಲ್ಲದೇ ಹೋದ್ರೆ, ಆ ಎಲ್ಲಾ ಶ್ರಮ ಕೊನೇ ಮೆಟ್ಟಿಲಲ್ಲಿ ನಿಲ್ಲತ್ತೆ. ‘ಇದರಲ್ಲಿ ಕನ್ನಡ ಬರಲ್ಲ’ ಅಂತ ಎದ್ದು ಹೋಗ್ತಾರೆ.

ಇನ್ನೊಂದು ಕಹಿ ಮಾತು. ಫೈಲ್ ಅನ್ನಬೇಕೋ ಕಡತ ಅನ್ನಬೇಕೋ ಅಂತ ನಾವು ವರ್ಷಗಟ್ಟಲೆ ಕಿತ್ತಾಡಿದೀವಿ. ಮೆನುವಿನಲ್ಲಿ ಕಡತ ಅನ್ನಿ, ಸಂತೋಷ. ಆದ್ರೆ ದೋಷದ ಸಂದೇಶ ಬಂದಾಗ? ಅದನ್ನ ಅಪ್ಪಟ ಕನ್ನಡಕ್ಕೆ ತಂದ್ರೆ, ಕೆಟ್ಟ ಯಂತ್ರದ ಮುಂದೆ ಕೂತವನು ಆ ವಾಕ್ಯವನ್ನ ಹುಡುಕಿದ್ರೆ ಏನೂ ಸಿಗಲ್ಲ. ಪರಿಹಾರ ಬರೆದವರೆಲ್ಲಾ ಇಂಗ್ಲಿಷ್ ವಾಕ್ಯ ಇಟ್ಟುಕೊಂಡು ಬರೆದಿದಾರೆ. ಅದಕ್ಕೇ ಬಲ್ಲವರು ಕಮಾಂಡಿನ ಮುಂದೆ ‘ಎಲ್‌ಸಿ ಆಲ್ ಈಕ್ವಲ್ ಸಿ’ ಅಂತ ಸೇರಿಸಿ, ಸಂದೇಶವನ್ನ ಮತ್ತೆ ಇಂಗ್ಲಿಷಿನಲ್ಲೇ ಬರಿಸಿಕೊಳ್ತಾರೆ. ನನ್ನ ವಾದ ಇಷ್ಟೇ: ಸಂದೇಶ ಇಂಗ್ಲಿಷಿನಲ್ಲೇ ಇರಲಿ ಬಿಡಿ. ಅದರ ಅರ್ಥ ಏನು, ಮುಂದೆ ಏನು ಮಾಡಬೇಕು ಅನ್ನೋದು ಕನ್ನಡದಲ್ಲಿರಲಿ. ನಾವು ಮಾಡಿದ್ದು ಉಲ್ಟಾ. ಎಲ್ಲರಿಗೂ ಅರ್ಥ ಆಗೋ ‘ಓಪನ್’, ‘ಸೇವ್’ ಅನುವಾದ ಮಾಡಿದ್ವಿ, ಯಾರಿಗೂ ಅರ್ಥ ಆಗದ ಜಾಗದಲ್ಲಿ ಕೈಬಿಟ್ವಿ.

‘ಕಮಾಂಡೇ ಇಂಗ್ಲಿಷ್, ಇಂಗ್ಲಿಷ್ ಬರದವರು ಇದಕ್ಕೆ ಕೈ ಹಾಕಬಾರದು’ ಅಂತ ಯಾರೋ ಹೇಳೇ ಹೇಳ್ತೀರಿ. ಔಷಧಿ ಚೀಟಿ ಇಂಗ್ಲಿಷಿನಲ್ಲೇ ಇರತ್ತೆ ಸಾರ್, ಮಾತ್ರೆ ಹೆಸರೂ ಇಂಗ್ಲಿಷೇ. ಆದ್ರೆ ಮೆಡಿಕಲ್ ಶಾಪಿನವನು ‘ಊಟ ಆದ್ಮೇಲೆ, ಬೆಳಿಗ್ಗೆ ಒಂದು ರಾತ್ರಿ ಒಂದು’ ಅಂತ ಕನ್ನಡದಲ್ಲಿ ಹೇಳಿ, ಕವರಿನ ಮೇಲೆ ಗೀಟು ಎಳೆದು ಕೊಡ್ತಾನೆ. ಅಜ್ಜಿಯಂದಿರು ಬದುಕಿರೋದು ಆ ಗೀಟಿನಿಂದ. ನಾನು ಕೇಳ್ತಿರೋದು ಆ ಗೀಟು.

‘ಈಗ ಎಐ ಇದೆಯಲ್ಲ, ಕೇಳಿದ್ರೆ ಕನ್ನಡದಲ್ಲೇ ಹೇಳತ್ತೆ’ ಅನ್ನೋದು ಇನ್ನೊಂದು ವಾದ. ಹೌದು, ನಾನೂ ಬಳಸ್ತೀನಿ, ಎಷ್ಟೋ ಸಲ ಉಪಯೋಗ ಆಗಿದೆ. ಆದ್ರೆ ಅದಕ್ಕೆ ಗೊತ್ತಿರೋದು ಯಾರೋ ಎಲ್ಲೋ ಬರೆದಿಟ್ಟದ್ದು. ತಪ್ಪು ಕಮಾಂಡನ್ನೂ ಅಷ್ಟೇ ಧೈರ್ಯವಾಗಿ ಹೇಳತ್ತೆ. ಅದು ತಪ್ಪು ಅಂತ ಗೊತ್ತಾಗೋಕೆ ಕೇಳುವವನಿಗೆ ಸ್ವಲ್ಪವಾದ್ರೂ ಹಿನ್ನೆಲೆ ಬೇಕು. ಎಲ್ಲಕ್ಕಿಂತ ಮುಖ್ಯ, ಗುಡುಗು ಬಂತು ಅಂತ ಡಿಸ್ಕ್ ಕಿತ್ತು ಬೀರುವಿನಲ್ಲಿಟ್ಟ ಮಾವನ ಕತೆ ಯಾವ ಮ್ಯಾನುಯಲ್‌ನಲ್ಲಿದೆ? ನಮ್ಮ ಕಡೆ ಯಂತ್ರಗಳು ಕೆಡೋ ರೀತಿಯೇ ಬೇರೆ. ಅಪ್‌ಡೇಟ್ ಆಗ್ತಿರುವಾಗ ಕರೆಂಟ್ ಹೋಗತ್ತೆ, ಪ್ಯಾಕೇಜುಗಳು ಅರ್ಧಕ್ಕೆ ನಿಲ್ತವೆ (ಡೆಬಿಯನ್, ಉಬುಂಟುಗಳಲ್ಲಿ ಡಿಪಿಕೆಜಿಗೆ ‘ಕಾನ್ಫಿಗರ್’ ಮತ್ತು ‘ಎ’ ಆಯ್ಕೆ ಕೊಟ್ಟು ಓಡಿಸಿದ್ರೆ ಸಾಮಾನ್ಯವಾಗಿ ಮುಂದುವರೀತವೆ). ಉಬುಂಟು 24.04ರ ಇನ್‌ಸ್ಟಾಲರ್ ಸುಮಾರು 6 ಜಿಬಿ, ನಮ್ಮ ಫೋನಿನ ಪ್ಯಾಕ್ ದಿನಕ್ಕೆ ಒಂದೂವರೆ ಜಿಬಿ. ನಾಲ್ಕು ದಿನ ತುಂಡು ತುಂಡಾಗಿ ಇಳಿಸಿದ ಕಡತ ಹಾಳಾಗಿದೆಯಾ ಅಂತ ಚೆಕ್‌ಸಮ್ ನೋಡದೇ ಪೆನ್‌ಡ್ರೈವಿಗೆ ಹಾಕಿದ್ರೆ ಇನ್‌ಸ್ಟಾಲ್ ಅರ್ಧದಲ್ಲಿ ಬೀಳತ್ತೆ. ಕ್ಯಾಲಿಫೋರ್ನಿಯಾದಲ್ಲಿ ಕೂತವನಿಗೆ ಇದು ಹೊಳೆಯೋದೂ ಇಲ್ಲ. ನಾವೇ ಬರೀಬೇಕು. ಬರೆದ್ರೆ ನಾಳೆ ಎಐಗೂ ಗೊತ್ತಾಗತ್ತೆ, ಬೇಡ ಅಂದೋರ್ಯಾರು :)

ಹಾಗಾದ್ರೆ ಏನು ಮಾಡಬೇಕು? ಸಂಘ ಕಟ್ಟೋದು ಬೇಡ, ಲೋಗೋ ಬೇಡ, ‘ಆಂದೋಲನ’ ಅಂತೂ ದಯವಿಟ್ಟು ಬೇಡ. ನೀವು ಇದನ್ನ ಓದ್ತಿರೋರಲ್ಲಿ ಅರ್ಧ ಜನ ಸಾಫ್ಟ್‌ವೇರ್‌ನವರೇ ಅಂತ ನನಗೆ ಗೊತ್ತು. ಸಿನಿಮಾ ವಿಮರ್ಶೆ ಬರೀತೀರಿ, ಚಾರಣದ ಫೋಟೋ ಹಾಕ್ತೀರಿ, ಬಿಟ್ಟುಹೋದ ಊರಿನ ಬಗ್ಗೆ ಕಣ್ಣೀರು ತರಿಸೋ ಹಾಗೆ ಬರೀತೀರಿ. ಆ ಊರಿನಲ್ಲಿ ಈಗಲೂ ಇರೋರ ಲ್ಯಾಪ್‌ಟಾಪ್ ಕೆಟ್ಟಿದೆ. ಮುಂದಿನ ಸಲ ನಿಮ್ಮದೇನಾದ್ರೂ ಕೆಟ್ಟು, ನೀವು ಸರಿ ಮಾಡಿದಾಗ ಐದು ವಿಷಯ ಬರೆದು ಹಾಕಿ. ಪರದೆ ಮೇಲೆ ಏನು ಕಂಡಿತು (ಸಂದೇಶ ಇದ್ದ ಹಾಗೇ). ಅದಕ್ಕೆ ಸ್ವಲ್ಪ ಮುಂಚೆ ಏನು ಬದಲಾಗಿತ್ತು. ಎಲ್ಲಿ ನೋಡಿದಿರಿ. ಯಾವ ಸಾಲು ಬದಲಿಸಿದಿರಿ, ಯಾಕೆ. ಕೊನೆಗೆ ಯಾವ ಆವೃತ್ತಿ, ಯಾವ ದಿನಾಂಕ. ಯಾಕಂದ್ರೆ ಮೂರು ವರ್ಷದ ನಂತರ ಅದೇ ಪರಿಹಾರ ಇನ್ನೊಬ್ಬರ ಯಂತ್ರ ಕೆಡಿಸಬಹುದು.

ಮತ್ತೆ, ‘ಸರಿಹೋಯ್ತು, ಎಲ್ಲರಿಗೂ ಧನ್ಯವಾದ’ ಅಂತ ಬರೆದು, ಹೇಗೆ ಸರಿಹೋಯ್ತು ಅಂತ ಹೇಳದೇ ಹೋಗೋರಿದಾರಲ್ಲ, ಅವರಿಗೆ ನರಕದಲ್ಲಿ ಸಿಗ್ನಲ್ ಇಲ್ಲದ ಜಾಗ ಕೊಡಲಿ.

ಆ ‘ಮುಂಚೆ ಏನು ಬದಲಾಗಿತ್ತು’ ಅನ್ನೋ ಪ್ರಶ್ನೆ ಇದೆಯಲ್ಲ, ಅದನ್ನ ನಾನು ಆ ದಿನ ಕೇಳಿದ್ರೆ ಸಾಕಿತ್ತು. ‘ಮಾವ, ನಿನ್ನೆಯಿಂದ ಏನಾದ್ರೂ ಬದಲಾಯಿಸಿದ್ರಾ?’ ‘ಏನಿಲ್ವೋ, ಗುಡುಗು ಅಂತ ಎಲ್ಲಾ ಪ್ಲಗ್ ಕಿತ್ತಿದ್ದೆ.’ ಇಪ್ಪತ್ತು ಸೆಕೆಂಡ್. ರಿಲೀಸ್ ಕಾಲ್‌ನಲ್ಲಿ ನಾನು ಮ್ಯೂಟ್‌ನಲ್ಲೇ ಇದ್ದೆ, ಮಾತಾಡೋ ಸರದಿಯೂ ನನ್ನದಾಗಿರಲಿಲ್ಲ.

ಮಾವ ಬೈಯಲಿಲ್ಲ. ಅದೇ ಕಷ್ಟ ಆಗಿದ್ದು. ಕಳೆದ ಸಲ ಹೋದಾಗ ಅವರ ಹೊಸ ಸ್ಪ್ರೆಡ್‌ಶೀಟ್ ತೋರಿಸಿದ್ರು. 2021ರ ಜೂನ್‌ನಿಂದ 2023ರ ತನಕದ ಸಾಲುಗಳನ್ನ ಬಿಟ್ಟೇ ಇಲ್ಲ, ದಿನಾಂಕ ಎಲ್ಲಾ ಬರೆದಿದಾರೆ, ಪಕ್ಕದ ಮನೆ ಖಾಲಿ. ‘ಸೊನ್ನೆ ಹಾಕಕ್ಕಾಗಲ್ಲ ನೋಡು, ಮಳೆ ಬಂದಿತ್ತು’ ಅಂದ್ರು.

ಮತ್ತೆ ಲಿನಕ್ಸ್ ಹಾಕಿಕೊಟ್ಟೆ, ಅವರೇ ಕೇಳಿದ್ರು. ಈ ಸಲ ನೋಫೇಲ್ ಇದೆ. ಬ್ಯಾಕಪ್‌ಗೆ ಮೊದಲು ‘ನಿಮ್ಮ ಮುಖ್ಯವಾದದ್ದು ಎಲ್ಲೆಲ್ಲಿದೆ’ ಅಂತ ಕೂತು ಕೇಳಿದೆ, ಅರ್ಧ ಗಂಟೆ ಹಿಡೀತು. ಒಂದು ಲೈವ್ ಪೆನ್‌ಡ್ರೈವಿಗೆ ದಾರ ಕಟ್ಟಿ ಮೊಳೆಗೆ ನೇತುಹಾಕಿದೀನಿ. ಪಕ್ಕದಲ್ಲಿ ಒಂದು ಹಾಳೆ, ಕನ್ನಡದಲ್ಲಿ, ಮೇಲೆ ಬರೆದ ಐದು ಮುಖಗಳು, ಪ್ರತಿಯೊಂದಕ್ಕೂ ಎರಡೆರಡು ಸಾಲು. ಹಾಳೆಯ ತಲೆಯಲ್ಲಿ ದೊಡ್ಡದಾಗಿ: ‘ಯಾರು ಹೇಳಿದ್ರೂ ಫಾರ್ಮ್ಯಾಟ್ ಮಾಡಿಸಬೇಡಿ. ನಾನು ಹೇಳಿದ್ರೂ.’

ಆ ಹಾಳೆಯನ್ನ ಮುಂದಿನ ವಾರದಿಂದ ಒಂದೊಂದು ಮುಖ ಒಂದೊಂದು ಪೋಸ್ಟ್ ಆಗಿ ಇಲ್ಲೇ ಹಾಕ್ತೀನಿ. ತಪ್ಪಿದ್ರೆ ತಿದ್ದಿ. ನಿಮ್ಮ ಹತ್ತಿರ ಆರನೇ ಮುಖ ಇದ್ರೆ ನಿಮ್ಮ ಬ್ಲಾಗಿನಲ್ಲಿ ಬರೆದು ನನಗೊಂದು ಕೊಂಡಿ ಕೊಡಿ. ಬೈಯೋದಿದ್ರೆ ಕಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ. ಕಡತವೋ ಫೈಲೋ ಅನ್ನೋ ಜಗಳ ಮಾತ್ರ ಇಲ್ಲಿ ಬೇಡ, ಕೈ ಮುಗೀತೀನಿ :)